ಓದದೆ ಹಾಕಿಸಿದ ಸಹಿ

ಕುಮಟೆಯಲ್ಲಿ ನನ್ನ ಮನೆ, ಹೊನ್ನಾವರದ ಪೇಟೆಯಲ್ಲಿ ಮಹಡಿಯ ಮೇಲೊಂದು ಆಫೀಸು, ಕೇಸುಗಳು ಭಟ್ಕಳದವರೆಗೆ. ಈ ಮೂರು ಊರುಗಳ ನಡುವಿನ ಬಸ್ಸಿನಲ್ಲಿ ಕೂತೇ ನನ್ನ ಅರ್ಧ ವಕೀಲಿ ಮುಗಿದಿದೆ. ಮೀನು ಮಾರುವ ಹೆಂಗಸರು ನನಗೊಂದು ಹೆಸರಿಟ್ಟಿದ್ದರು: ಮೀನು ಕೆಡುವುದರೊಳಗೆ ಬಿಡಿಸುವ ವಕೀಲ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಈಗ ಅದನ್ನು ನೆನೆದರೆ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಅವರನ್ನು ನಾನು ಬಿಡಿಸುತ್ತಿದ್ದುದು ಮುಚ್ಚಳಿಕೆ ಬರೆಸಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇನ್ನು ಮುಂದೆ ಗಲಾಟೆ ಮಾಡುವುದಿಲ್ಲ, ಶಾಂತಿಯಿಂದ ಇರುತ್ತೇನೆ ಎಂದು ಸರ್ಕಾರಕ್ಕೆ ಬರೆದುಕೊಡುವ ಕಾಗದ ಅದು. ಚುನಾವಣೆ ಬಂತೆಂದರೆ, ಹಬ್ಬದ ಮೆರವಣಿಗೆ ಬಂತೆಂದರೆ, ಎಲ್ಲೋ ನಾಲ್ಕು ಜನ ಧರಣಿ ಕೂತರೆಂದರೆ, ಪೊಲೀಸರ ಪಟ್ಟಿಯಲ್ಲಿ ಹೆಸರಿರುವವರಿಗೆಲ್ಲ ತಾಲೂಕು ಕಚೇರಿಯಿಂದ ನೋಟೀಸು ಹೋಗುತ್ತದೆ. ತಪ್ಪು ಮಾಡಿದ್ದಕ್ಕಲ್ಲ, ಮುಂದೆ ಮಾಡಬಹುದು ಎಂಬ ಅನುಮಾನಕ್ಕೆ. ಹೋದವರಿಗೆ ಎರಡು ದಾರಿ. ನಾನು ಬರೆದುಕೊಡುವುದಿಲ್ಲ, ವಿಚಾರಣೆ ಮಾಡಿ ಎನ್ನಬಹುದು. ಆಗ ತಾರೀಕಿನ ಮೇಲೆ ತಾರೀಕು. ಇಲ್ಲವೇ ಒಂದು ಸಹಿ ಹಾಕಿ ಹನ್ನೊಂದೂವರೆಯ ಬಸ್ಸಿಗೆ ಹೋಗಬಹುದು. ಬುಟ್ಟಿಯಲ್ಲಿ ತಾರ್ಲೆ ಮೀನು ಇಟ್ಟುಕೊಂಡು ಬಂದ ಹೆಂಗಸು ಯಾವ ದಾರಿ ಹಿಡಿಯುತ್ತಾಳೆ? ನಾನೂ ಅದೇ ದಾರಿ ತೋರಿಸುತ್ತಿದ್ದೆ. ಸಹಿ ಹಾಕು ತಂಗಿ, ಬಿಸಿಲೇರುವ ಮುಂಚೆ ಸಂತೆ ಸೇರು.

ಆ ಮುಚ್ಚಳಿಕೆಯ ಫಾರ್ಮು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸಿಗುತ್ತಿತ್ತು. ಯಾರು ಯಾವ ಕಾಲದಲ್ಲಿ ಟೈಪು ಮಾಡಿದ್ದೋ ದೇವರಿಗೇ ಗೊತ್ತು. ಝೆರಾಕ್ಸಿನ ಝೆರಾಕ್ಸು, ನಡುವಿನ ಸಾಲುಗಳು ಮಸುಕಾಗಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಕಾನೂನಿನ ಹೆಸರು ಬದಲಾಯಿತು, ಕಲಮುಗಳ ನಂಬರು ಬದಲಾಯಿತು, ಸಾಹೇಬರುಗಳು ಬದಲಾದರು, ಫಾರ್ಮು ಮಾತ್ರ ಬದಲಾಗಲಿಲ್ಲ. ಹೆಸರು, ಊರು, ತಂದೆಯ ಅಥವಾ ಗಂಡನ ಹೆಸರು ತುಂಬಬೇಕು. ಕೆಳಗೆ ‘ಗುರುತಿಸಿದವರು’ ಎಂದಿರುವಲ್ಲಿ ವಕೀಲ ಸಹಿ ಮಾಡಬೇಕು. ನನ್ನ ಕಣ್ಣು ಖಾಲಿ ಜಾಗಗಳ ಮೇಲೆ ಮಾತ್ರ ಓಡುತ್ತಿತ್ತು. ನಡುವೆ ಏನು ಬರೆದಿದೆ ಎಂದು ಓದಿದವನಲ್ಲ. ನಾನೊಬ್ಬನೇ ಅಲ್ಲ, ನಮ್ಮ ವಕೀಲರ ಬಾರಿನಲ್ಲಿ ಯಾರೂ ಓದಿರಲಿಲ್ಲ. ಆದರೆ ಉಳಿದವರು ಪತ್ರಿಕೆಯಲ್ಲಿ ನಾಗರಿಕ ಹಕ್ಕುಗಳ ಬಗ್ಗೆ ಅಂಕಣ ಬರೆಯುತ್ತಿರಲಿಲ್ಲ. ನಾನು ಬರೆಯುತ್ತಿದ್ದೆ.

ಹೌದು, ವಾರಕ್ಕೊಂದು ಅಂಕಣ. ಸಭೆ ಸೇರುವ ಹಕ್ಕು, ಬಾಯಿ ಬಿಟ್ಟು ಮಾತಾಡುವ ಹಕ್ಕು, ಬಂಧಿಸಿದವನಿಗೆ ಕಾರಣ ತಿಳಿಸಬೇಕಾದ ಪೊಲೀಸರ ಕರ್ತವ್ಯ, ಇವೇ ನನ್ನ ವಿಷಯಗಳು. ಭಟ್ಕಳದ ಕಾಲೇಜಿನಲ್ಲಿ ಭಾಷಣ, ಕುಮಟೆಯಲ್ಲಿ ಸನ್ಮಾನ, ಹೆಗಲಿಗೆ ಶಾಲು. ಭಾಷಣ ಮುಗಿಸಿ ಮರುದಿನ ಬೆಳಿಗ್ಗೆ ಬಂದು ಐದು ಜನರಿಂದ ಮುಚ್ಚಳಿಕೆಗೆ ಸಹಿ ಹಾಕಿಸುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನನ್ನ ಹೆಂಡತಿ ಬೇರೆ ಸಂದರ್ಭಗಳಲ್ಲಿ ಹೇಳುತ್ತಿದ್ದಳು. ಈ ಸಂದರ್ಭ ಅವಳಿಗೆ ಗೊತ್ತಿರಲಿಲ್ಲ.

ಮುಂದೆ ಬರುವ ಸಾಹೇಬರ ಕಚೇರಿ ಯಾವ ಊರಿನದು, ಆ ಕೇರಿ ಯಾವುದು ಎಂದು ನಾನು ಬರೆಯುವುದಿಲ್ಲ. ಹೆದರಿಕೊಂಡಲ್ಲ. ಹೆದರಿಕೆಯ ವಯಸ್ಸು ದಾಟಿ ಬಹಳ ಕಾಲವಾಯಿತು. ಊರಿನ ಹೆಸರು ಬರೆದರೆ ಓದಿದವರು ‘ಓಹೋ, ಅಲ್ಲಿಯದಾ’ ಎಂದು ತಮ್ಮ ಊರನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು.

ಅವಳು ಒಣಮೀನಿನವಳು. ಐವತ್ತರ ಆಸುಪಾಸು. ಗಂಡ ದೋಣಿಗೆ ಹೋಗುತ್ತಿದ್ದವನು, ಸೊಂಟ ಹಿಡಿದು ಮನೆಯಲ್ಲಿ ಕೂತಿದ್ದ. ಮನೆ ನಡೆಯುವುದು ಅವಳ ಬುಟ್ಟಿಯಿಂದ. ಮುರ್ಡೇಶ್ವರದ ದಾರಿಯಲ್ಲೂ ಭಟ್ಕಳದ ಪೇಟೆಯಲ್ಲೂ ಅವಳಿಗೆ ಕಾಯಂ ಗಿರಾಕಿಗಳು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಭಟ್ಕಳದ ಮುಸಲ್ಮಾನರ ಮನೆಗಳ ಬಾಗಿಲಲ್ಲಿ ಅವರ ನವಾಯತಿ. ಮೂರರಲ್ಲೂ ಅವಳ ಜೊತೆ ಚೌಕಾಸಿ ಮಾಡಿ ಗೆದ್ದವರಿಲ್ಲ. ಓದಲು ಬರುವುದಿಲ್ಲ, ಸಹಿ ಮಾಡಲು ಮಾತ್ರ ಕಲಿತಿದ್ದಳು.

ಅವರ ಕೇರಿಯ ಮುಂದೆ ದಡದಲ್ಲಿ ಮೀನು ಒಣಗಿಸುವ ಮರಳಿನ ಬಯಲಿತ್ತು. ಅಜ್ಜಿಯರ ಕಾಲದಿಂದ ಅಲ್ಲೇ ಬಲೆ ಹಾಸಿ ಮೀನು ಹರಡುತ್ತಿದ್ದರು. ಒಂದು ದಿನ ಅದಕ್ಕೆ ಕಂಬ ನೆಟ್ಟು ತಂತಿ ಬಿಗಿದರು. ಯಾರೋ ಹೊರಗಿನವರು ರೆಸಾರ್ಟು ಕಟ್ಟುವವರಂತೆ. ಪಂಚಾಯ್ತಿಗೆ ಕೇಳಲು ಹೋದರೆ, ಕಾಗದಪತ್ರ ನೋಡಬೇಕು, ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರ ಹೆಂಗಸರು ಬಂದರು, ಬುಟ್ಟಿ ಸಮೇತ ಬಂದರು. ಪಂಚಾಯ್ತಿಯ ಸಿಮೆಂಟಿನ ಅಂಗಳದ ತುಂಬ ಬಲೆ ಹಾಸಿ, ತಾರ್ಲೆ, ಬಂಗಡೆ, ಸಿಗಡಿ ಎಲ್ಲವನ್ನೂ ಅಲ್ಲೇ ಒಣಗಲು ಹಾಕಿದರು. ಕಾಗೆಗಳೆಲ್ಲ ಪಂಚಾಯ್ತಿಗೆ ಬಂದವು. ಮಧ್ಯಾಹ್ನದ ಹೊತ್ತಿಗೆ ಒಳಗಿನವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದರು. ‘ನಮ್ಗೆ ಜಾಗ ಸಿಕ್ಕೂವರೆಗೆ ಇದೇ ಜಾಗ’ ಎಂದು ಅವಳು ಮೆಟ್ಟಿಲ ಮೇಲೆ ಕೂತು ಹೇಳಿದಳಂತೆ. ಅಂಥ ಸೊಗಸಾದ ಪ್ರತಿಭಟನೆಯನ್ನು ನಾನು ಕಂಡಿಲ್ಲ, ಅಂಕಣದಲ್ಲಿ ಹೊಗಳಿ ಬರೆದೂ ಬಿಟ್ಟೆ.

ಕೇಸಾಯಿತು. ಅಕ್ರಮ ಕೂಟ, ಸಾರ್ವಜನಿಕರಿಗೆ ತೊಂದರೆ. ಅದರ ಬೆನ್ನಿಗೆ ತಾಲೂಕು ಕಚೇರಿಯಿಂದ ಮುಚ್ಚಳಿಕೆಯ ನೋಟೀಸೂ ಬಂತು. ನಾನು ಯಾವತ್ತಿನಂತೆ ಫಾರ್ಮು ತರಿಸಿದೆ, ಹೆಸರು ತುಂಬಿದೆ, ‘ಇಲ್ಲಿ ಸಹಿ ಹಾಕು ತಂಗಿ’ ಎಂದೆ. ‘ಎಂತ ಬರ್ದಾರೆ ಇದ್ರಲ್ಲಿ?’ ಎಂದು ಕೇಳಿದಳು. ‘ಮಾಮೂಲಿ. ಗಲಾಟೆ ಮಾಡೂದಿಲ್ಲ ಅಂತ’ ಎಂದೆ. ‘ಗಲಾಟೆ ನಾವೆಂತ ಮಾಡಿದ್ವು? ಮೀನು ಒಣಗ್ಸಿದ್ವು’ ಎಂದಳು. ಹೊರಗೆ ಅವಳ ಬುಟ್ಟಿಯ ಮೇಲೆ ನೊಣ ಕೂರತೊಡಗಿತ್ತು. ನಾನು ಗಡಿಯಾರ ನೋಡಿದೆ. ಅವಳು ಅದನ್ನು ಕಂಡು ಸಹಿ ಹಾಕಿದಳು.

ತಂತಿಬೇಲಿ ಇನ್ನಷ್ಟು ಮುಂದೆ ಬಂತು, ಕಡಲಿಗೆ ಹೋಗುವ ಕಾಲುದಾರಿಯೂ ಮುಚ್ಚಿತು. ಹೆಂಗಸರು ದಾರಿಯಲ್ಲಿ ಕೂತರು, ಇನ್ನೊಂದು ಕೇಸು. ಅಳತೆಗೆ ಬಂದವರ ಜೊತೆ ವಾಗ್ವಾದವಾಯಿತು, ಮತ್ತೊಂದು. ಎಲ್ಲದರಲ್ಲೂ ಮೊದಲ ಹೆಸರು ಅವಳದೇ, ಯಾಕೆಂದರೆ ಮೊದಲು ಮಾತಾಡುವವಳು ಅವಳೇ. ಕೊನೆಗೆ ಉಪವಿಭಾಗದ ಸಾಹೇಬರ ಕಚೇರಿಯಿಂದ ಬಂದ ಲಕೋಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ನನ್ನ ಮಹಡಿ ಹತ್ತಿ ಬಂದಳು.

ಗಡಿಪಾರಿನ ನೋಟೀಸು. ಜಿಲ್ಲೆಯಿಂದ ಯಾಕೆ ಹೊರಹಾಕಬಾರದು, ಕಾರಣ ತೋರಿಸು ಎಂದು. ಮಟ್ಕಾದವರಿಗೆ, ಚೂರಿ ಹಾಕುವವರಿಗೆ ಕೊಡುವ ಆದೇಶವನ್ನು ಮೀನು ಒಣಗಿಸುವವಳಿಗೆ ಕೊಡಲು ಹೊರಟಿದ್ದರು. ನನಗೆ ನಗು ಬಂತು. ನಗುತ್ತಲೇ ಪುಟ ತಿರುವಿದೆ. ಮೂರು ಎಫ್‌ಐಆರ್‌ಗಳ ನಕಲು, ಅವುಗಳ ಹಿಂದೆ ಅವಳ ಮುಚ್ಚಳಿಕೆಯ ನಕಲು. ಅದರಲ್ಲಿ ಮಸುಕಾದ ನಡುವಿನ ಸಾಲುಗಳಿಗೆ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಅವತ್ತು ಮೊದಲ ಸಲ ಓದಿದೆ. ‘ನಾನು ಪದೇ ಪದೇ ಶಾಂತಿಭಂಗ ಮಾಡುವ ಸ್ವಭಾವದ ವ್ಯಕ್ತಿಯೆಂದೂ, ಜನರನ್ನು ಎತ್ತಿಕಟ್ಟುವ ವ್ಯಕ್ತಿಯೆಂದೂ, ನನ್ನಿಂದ ಸುತ್ತಲಿನವರಿಗೆ ಭಯವಿದೆಯೆಂದೂ ಒಪ್ಪಿಕೊಂಡು ಈ ಮುಚ್ಚಳಿಕೆ ಬರೆದುಕೊಟ್ಟಿದ್ದೇನೆ.’ ಕೆಳಗೆ ಅವಳ ಸಹಿ. ಗುರುತಿಸಿದವರು, ನಾನು.

ಕಾಲಡಿಯ ನೆಲ ಕುಸಿಯಿತು ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಕಿವಿ ಬಿಸಿಯಾಯಿತು. ಅಷ್ಟೂ ವರ್ಷ ಎಷ್ಟು ಜನರಿಂದ ಇದೇ ಸಾಲಿಗೆ ಸಹಿ ಹಾಕಿಸಿದ್ದೆ? ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

‘ಎಂತ ಉಂಟು ಅದ್ರಲ್ಲಿ?’ ಎಂದಳು.

ಆಗಲೂ ನಾನು ನಿಜ ಹೇಳಲಿಲ್ಲ. ‘ಕೇಸುಗಳ ನಕಲು, ನೋಡುವಾ’ ಎಂದೆ.

ವಿಚಾರಣೆಯ ಮೊದಲ ತಾರೀಕಿಗೆ ಹೋದಾಗ ಸಾಹೇಬರು ಬಹಳ ಮರ್ಯಾದೆಯಿಂದ ಮಾತಾಡಿದರು. ಚಹಾ ತರಿಸಿದರು, ನನಗೆ ಮಾತ್ರ. ‘ನಿಮ್ಮ ಅಂಕಣ ಓದ್ತೇನೆ ವಕೀಲರೇ’ ಎಂದರು. ಆಮೇಲೆ ವಿಷಯಕ್ಕೆ ಬಂದರು. ಇನ್ನೊಂದು ಮುಚ್ಚಳಿಕೆ ಕೊಡಲಿ. ಯಾವ ಧರಣಿಗೂ ಸಭೆಗೂ ಹೋಗುವುದಿಲ್ಲ, ಆ ಜಾಗದ ಹತ್ತಿರ ಸುಳಿಯುವುದಿಲ್ಲ ಎಂದು ಬರೆದುಕೊಡಲಿ. ಗಡಿಪಾರು ಕೈಬಿಡುತ್ತೇವೆ.

ನಾನು ಹೊರಗೆ ಬಂದು ಅವಳಿಗೆ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಆಸೆ ಇತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಒಂದು ಸಹಿ ಬಿದ್ದರೆ ಆ ಕೆಂಪು ಗೆರೆಯ ಕಾಗದ ಫೈಲಿನಲ್ಲಿ ಹೂತುಹೋಗುತ್ತಿತ್ತು, ನನ್ನ ಹೆಸರು ಸಮೇತ.

‘ಒಂದು ಸಹಿ ಹಾಕ್ದೆ, ಇಲ್ಲಿಗೆ ಬಂದು ನಿಂತೆ’ ಎಂದಳು. ‘ಇನ್ನೊಂದು ಹಾಕಿದ್ರೆ ಎಲ್ಲಿಗೆ ಹೋಗಿ ನಿಲ್ಲೂದು ವಕೀಲ್ರೆ? ಮೊದಲಿಂದ್ರಲ್ಲಿ ಎಂತ ಬರ್ದಿತ್ತು, ಅದನ್ನ ಹೇಳಿ ಮೊದಲು.’

ಕಚೇರಿಯ ಹೊರಗಿನ ಗೋಳಿಮರದ ಕಟ್ಟೆಯ ಮೇಲೆ ಕೂತು ಓದಿ ಹೇಳಿದೆ. ಜೊತೆಗೆ ಬಂದಿದ್ದ ಇಬ್ಬರು ಹೆಂಗಸರು ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು.

‘ಇದನ್ನ ನಾ ಒಪ್ಪಿದ್ನಾ?’

‘ಇಲ್ಲ. ನಾನು ಒಪ್ಪಿಸಿದೆ. ಓದದೆ ಒಪ್ಪಿಸಿದೆ.’

‘ನಿಮ್ಗೆ ಓದೂಕೆ ಬತ್ತದಲ್ಲ’ ಎಂದಳು.

ನಾಲ್ಕು ದಶಕದ ವಕೀಲಿಯಲ್ಲಿ ನನಗೆ ಅನೇಕರು ಬೈದಿದ್ದಾರೆ. ಪೊಲೀಸರು ಬೈದಿದ್ದಾರೆ, ಎರಡೂ ಧರ್ಮದ ಉತ್ಸಾಹಿಗಳು ಬೈದಿದ್ದಾರೆ, ಒಬ್ಬರು ಆಫೀಸಿನ ಬೋರ್ಡಿಗೆ ಸೆಗಣಿ ಬಳಿದಿದ್ದರು. ಅದೆಲ್ಲ ನನಗೆ ಪದಕವಿದ್ದಂತೆ. ಈ ಮಾತು ಹಾಗಲ್ಲ.

ಮರುದಿನ ಕುಮಟೆಯ ಬಾರಿನ ಹಿರಿಯರೊಬ್ಬರ ಹತ್ತಿರ ಹೋದೆ. ನಾನು ವಕೀಲಿ ಕಲಿತದ್ದು ಅವರಲ್ಲೇ. ತಹಶೀಲ್ದಾರರನ್ನು ಇವತ್ತಿಗೂ ಮಾಮಲೇದಾರರು ಎನ್ನುವ ಮುಂಬಯಿ ಪ್ರಾಂತದ ಕಾಲದ ನಾಲಿಗೆ ಅವರದು. ನನ್ನ ಯೋಚನೆ ಹೇಳಿದೆ: ಆ ಕಾಗದವನ್ನು ಅವಳಿಗೆ ಓದಿ ಹೇಳಲಿಲ್ಲ, ನಾನೂ ಓದಿರಲಿಲ್ಲ ಎಂದು ಪ್ರಮಾಣಪತ್ರ ಹಾಕುತ್ತೇನೆ.

‘ನಿಂಗೆ ಎಂತ ತಲೆ ಕೆಟ್ಟಿದ್ಯಾ?’ ಎಂದರು. ‘ಕಾಲ ಮೇಲೆ ನೀನೇ ಚಪ್ಪಡಿ ಎಳ್ಕೊಳ್ತೆ ಅಂತ್ಯಲ್ಲ. ವಕೀಲಿ ಸನದಿಗೆ ಕುತ್ತು ಬಂದ್ರೆ? ಅಲ್ದೆ, ಸಾಕ್ಷಿ ಆದವ ವಕೀಲನಾಗಿ ನಿಲ್ಲೂಕಾಗ್ತದಾ? ವಕಾಲತ್ತು ಬಿಡಬೇಕು. ಅವಳಿಗೆ ನೀನು ಸಾಕ್ಷಿಯಾಗಿ ಬೇಕಾ, ವಕೀಲನಾಗಿ ಬೇಕಾ?’

‘ವಕೀಲನಾಗಿ ನಾನು ಮಾಡಿದ್ದು ನೋಡಿದ್ರಲ್ಲ’ ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ನೀ ಇದನ್ನ ಬರ್ದು ಕೊಟ್ರೆ, ನಾವೆಲ್ಲರೂ ಅದನ್ನೇ ಮಾಡಿದ್ದು ಅಂತ ಆಗ್ತದೆ’ ಎಂದರು. ಅಲ್ಲಿತ್ತು ನೋಡಿ ಸಂಗತಿ. ‘ಆಗ್ಲಿ’ ಎಂದು ಎದ್ದುಬಂದೆ. ಅವತ್ತಿನಿಂದ ಬಾರಿನ ಚಹಾದ ಮೇಜಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಇರತೊಡಗಿತು. ಕಾಲು ಚಾಚಿ ಕೂರಲು ಅನುಕೂಲವಾಯಿತು ಎಂದುಕೊಂಡೆ.

ವಕಾಲತ್ತನ್ನು ಭಟ್ಕಳದ ವಕೀಲೆಯೊಬ್ಬರಿಗೆ ಬಿಟ್ಟುಕೊಟ್ಟೆ. ಮನೆಮಾತು ನವಾಯತಿ, ಕೋರ್ಟಿನಲ್ಲಿ ಅವರಾಡುವ ಕನ್ನಡ ನನ್ನದಕ್ಕಿಂತ ಚೊಕ್ಕ. ಯಾವ ಕಾಗದ ಕೊಟ್ಟರೂ ಪೆನ್ಸಿಲ್ಲಿನ ತುದಿಯನ್ನು ಸಾಲಿನ ಕೆಳಗಿಟ್ಟು ಓದುವವರು. ನಮ್ಮಲ್ಲಿ ಕೆಲವರು ಅದಕ್ಕೆ ನಗುತ್ತಿದ್ದರು. ನಾನೂ ನಕ್ಕಿದ್ದೆ.

ವಿಚಾರಣೆಯ ದಿನ ಮೊದಲ ಬಾರಿಗೆ ಕರಿಕೋಟು ಇಲ್ಲದೆ ಆ ಕೋಣೆಯಲ್ಲಿ ನಿಂತೆ. ಪ್ರಮಾಣಪತ್ರ ಓದಿದ ಸಾಹೇಬರ ಮುಖದಿಂದ ಹಳೆಯ ಮರ್ಯಾದೆ ಹಾರಿಹೋಯಿತು.

‘ನೀವೇ ಗುರುತಿಸಿ ಸಹಿ ಮಾಡಿದ್ದೀರಿ. ಈಗ ಓದಿಲ್ಲ ಅಂದರೆ?’

‘ಓದಿಲ್ಲ ಅಂದರೆ ಓದಿಲ್ಲ.’

‘ಎಷ್ಟು ಜನರಿಗೆ ಹೀಗೆ ಮಾಡಿದ್ದೀರಿ?’

‘ನಿಮ್ಮ ಕೈಕೆಳಗಿನ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನನ್ನ ಸಹಿ ಇರುವ ಮುಚ್ಚಳಿಕೆ ಎಷ್ಟಿವೆಯೋ ಅಷ್ಟು ಜನರಿಗೆ. ಅವರಲ್ಲಿ ಒಬ್ಬರಿಗೂ ಅಲ್ಲಿ ಎಂತ ಬರೆದಿದೆ ಅಂತ ಗೊತ್ತಿಲ್ಲ. ನಿಮ್ಮ ಕಚೇರಿಯವರಿಗೂ ಗೊತ್ತಿರಲಿಕ್ಕಿಲ್ಲ. ಬೇಕಾದರೆ ಆ ಕಾಗದ ನೋಡದೆ ಒಂದು ಸಾಲು ಹೇಳಿ ಸಾಹೇಬರೇ.’

ಗುಮಾಸ್ತನೊಬ್ಬ ಕೆಮ್ಮಿದ. ಸಾಹೇಬರು ಸಾಲು ಹೇಳಲಿಲ್ಲ. ನಮ್ಮ ವಕೀಲೆ ಒಂದು ಗಂಟೆ ವಾದಿಸಿದರು: ಮೀನು ಒಣಗಿಸುವುದು ಭಯ ಹುಟ್ಟಿಸುವ ಕೃತ್ಯವಲ್ಲ, ದಾರಿ ಕೇಳುವುದು ಎತ್ತಿಕಟ್ಟುವುದಲ್ಲ, ಭಯಪಟ್ಟವರು ಯಾರು, ಒಬ್ಬರನ್ನಾದರೂ ಕರೆಸಿ. ಕೋಣನ ಮುಂದೆ ಕಿನ್ನರಿ. ಎರಡು ವಾರದ ನಂತರ ಆದೇಶ ಬಂತು: ಆರು ತಿಂಗಳು ಗಡಿಪಾರು. ನನ್ನ ಪ್ರಮಾಣಪತ್ರ ನಂಬಲರ್ಹವಲ್ಲವಂತೆ, ಯಾಕೆಂದರೆ ಓದದೆ ಸಹಿ ಹಾಕಿಸುವಂಥ ಬೇಜವಾಬ್ದಾರಿಯನ್ನು ಅನುಭವಿ ವಕೀಲನೊಬ್ಬ ಮಾಡುವುದಿಲ್ಲವಂತೆ. ಜನ್ಮದಲ್ಲಿ ನನ್ನ ಬಗ್ಗೆ ಯಾರೂ ಅಷ್ಟು ದೊಡ್ಡ ಹೊಗಳಿಕೆಯ ಮಾತು ಬರೆದಿರಲಿಲ್ಲ. ಅದರಿಂದ ಅವಳು ಮನೆ ಬಿಡಬೇಕಾಯಿತು.

ಅವಳ ಗಂಡ ನನ್ನ ಆಫೀಸಿಗೆ ಬಂದು, ಸೊಂಟ ಹಿಡಿದುಕೊಂಡೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟ. ಬುಟ್ಟಿ ನಿಂತರೆ ಒಲೆ ನಿಂತಂತೆ. ಅವಳು ಅಳಲಿಲ್ಲ. ‘ಎಲ್ಲಿಗೆ ಕಳಿಸ್ತಾರೆ? ಬೆಂಗಳೂರಿಗಾ? ಅಲ್ಲಿ ನನ್ನ ಮೀನು ಯಾರು ತಗೊಳ್ತಾರೆ?’ ಎಂದು ಕೇಳಿದಳು.

ಆ ಆದೇಶವನ್ನು ನಾನು ಒಂದಿಡೀ ದಿನ ಓದಿದೆ. ಪೆನ್ಸಿಲ್ ಇಟ್ಟುಕೊಂಡು ಓದಿದೆ. ಓದುವುದನ್ನು ಆ ವಯಸ್ಸಿನಲ್ಲಿ ಹೊಸದಾಗಿ ಕಲಿತವನ ಹುರುಪು. ಇಂಥ ಆದೇಶಗಳಲ್ಲಿ ‘ಈ ಜಿಲ್ಲೆ ಮತ್ತು ಅದಕ್ಕೆ ತಾಗಿದ ಜಿಲ್ಲೆಗಳು’ ಎಂದು ಬರೆಯುವ ರೂಢಿಯುಂಟು, ಇಲ್ಲವೇ ಯಾವುದೋ ದೂರದ ಠಾಣೆಯ ಹೆಸರು ಹಾಕುತ್ತಾರೆ. ಇವರ ಆದೇಶದಲ್ಲಿ ಎರಡೂ ಇರಲಿಲ್ಲ. ಉತ್ತರ ಕನ್ನಡ ಜಿಲ್ಲೆಯ ಗಡಿಯಿಂದ ಹೊರಗೆ, ಅಷ್ಟೇ. ಬಹುಶಃ ಅವರೂ ಯಾವುದೋ ಹಳೆಯ ಫಾರ್ಮಿನಿಂದ ನಕಲು ಮಾಡಿದ್ದರು, ಅವರೂ ಓದಿರಲಿಲ್ಲ. ಭಟ್ಕಳ ದಾಟಿ ಸ್ವಲ್ಪ ದೂರ ಹೋದರೆ ಜಿಲ್ಲೆ ಮುಗಿಯುತ್ತದೆ. ಮುಗಿದ ಕೂಡಲೇ ಉಡುಪಿ ಜಿಲ್ಲೆಯ ಶಿರೂರು. ಅಲ್ಲಿ ಅವಳ ನಾದಿನಿಯ ಮನೆ.

ಅವರು ಚಾಪೆಯ ಕೆಳಗೆ ತೂರಿದರೆ ನಾವು ರಂಗೋಲಿಯ ಕೆಳಗೆ ತೂರಿದೆವು. ಹೇಳಿದ ದಿನವೇ ಅವಳು ಜಿಲ್ಲೆ ಬಿಟ್ಟಳು, ಬಸ್ಸಿನಲ್ಲಿ, ಬುಟ್ಟಿ ಮಡಿಲಲ್ಲಿಟ್ಟುಕೊಂಡು. ಮರುದಿನ ಬೆಳಿಗ್ಗೆ ಶಿರೂರಿನ ಹೆದ್ದಾರಿಯ ಬದಿಯಲ್ಲಿ ಗೋಣಿ ಹಾಸಿ ಕೂತಿದ್ದಳು. ಕೇರಿಯ ಹೆಂಗಸರು ಸರದಿಯ ಮೇಲೆ ಬಸ್ಸಿನಲ್ಲಿ ಒಣಮೀನು ತಂದುಕೊಟ್ಟರು. ಭಟ್ಕಳದ ಗಿರಾಕಿಗಳು ರಿಕ್ಷಾ ಮಾಡಿಕೊಂಡು ಹೋದರು. ಒಂದು ತಿಂಗಳಲ್ಲಿ ‘ಗಡಿಪಾರಿನ ಮೀನು’ ಎಂದರೆ ಭಟ್ಕಳದ ಅಡುಗೆಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅವಳ ಮೇಲೆ ಕಣ್ಣಿಡಲು ಲುಂಗಿ ಉಟ್ಟು ಬಂದ ಪೊಲೀಸನಿಗೂ ಅವಳು ಸಿಗಡಿ ಮಾರಿದಳಂತೆ. ‘ನಿಮ್ ಸಾಹೇಬ್ರಿಗೂ ಒಂದು ಪಾವು ಕಟ್ಟಿ ಕೊಡ್ಲಾ?’ ಎಂದು ಕೇಳಿದಳಂತೆ.

ಕೇಳಲು ಚಂದ. ಆದರೆ ಗಂಡನ ಸೊಂಟಕ್ಕೆ ಎಣ್ಣೆ ತಿಕ್ಕುವವರು ಪಕ್ಕದ ಮನೆಯವರಾದರು. ಅವಳ ಮಗಳ ಸೀಮಂತಕ್ಕೆ ತಾಯಿ ಇರಲಿಲ್ಲ. ಮಗಳು ಹಸಿರು ಸೀರೆ ಉಟ್ಟು, ಹೂ ಮುಡಿದು, ಗಡಿಯ ಆಚೆಗೆ ಬಂದು ತಾಯಿಯ ಕಾಲು ಮುಟ್ಟಿ ಹೋದಳು. ಅಲ್ಲಿ ನಿಂತಿದ್ದ ನನಗೆ ಸಾಹೇಬರನ್ನು ಕೊರಳಪಟ್ಟಿ ಹಿಡಿದು ಎಳೆತಂದು ಅದನ್ನು ತೋರಿಸಬೇಕು ಎನ್ನಿಸಿತು. ಆಮೇಲೆ, ಎಳೆತರಬೇಕಾದವರಲ್ಲಿ ಮೊದಲನೆಯವನು ಇಲ್ಲೇ ನಿಂತಿದ್ದೇನೆ ಎಂದೂ ಅನ್ನಿಸಿತು.

ಆ ವಾರದ ಅಂಕಣದಲ್ಲಿ ನನ್ನ ಪ್ರಮಾಣಪತ್ರವನ್ನೇ ಬರೆದುಹಾಕಿದೆ. ಸಂಪಾದಕರು ಫೋನು ಮಾಡಿ, ಸ್ವಲ್ಪ ಮೆತ್ತಗೆ ಮಾಡಬಹುದಾ ಎಂದರು. ಆಗುವುದಿಲ್ಲ, ಬೇಡವಾದರೆ ಅಂಕಣ ನಿಲ್ಲಿಸಿ ಎಂದೆ. ಅಚ್ಚಾಯಿತು. ಮುಚ್ಚಳಿಕೆಗೆ ಕರೆದರೆ ಮೊದಲು ಓದಿಸಿಕೊಳ್ಳಿ, ಸುಳ್ಳಿದ್ದರೆ ಹೊಡೆದುಹಾಕಿಸಿ, ಹೊಡೆಯದಿದ್ದರೆ ಸಹಿ ಹಾಕಬೇಡಿ, ವಿಚಾರಣೆ ಕೇಳಿ ಎಂದು ಕೊನೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದೆ. ಮುಂದಿನ ಹಬ್ಬದ ಹೊತ್ತಿಗೆ ತಾಲೂಕು ಕಚೇರಿಯ ಮುಂದೆ ಸಾಲು ಕರಗಲೇ ಇಲ್ಲ. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು, ರಿಕ್ಷಾದವರು, ಕಾಲೇಜು ಹುಡುಗರ ತಂದೆಯರು, ಒಬ್ಬೊಬ್ಬರೂ ‘ಓದಿ ಹೇಳಿ’ ಎಂದು ನಿಂತರು. ಓದಿ ಓದಿ ಗುಮಾಸ್ತನ ಗಂಟಲು ಕಟ್ಟಿತು. ಮೀನು ಕೆಡಲಿ, ಇವತ್ತೊಂದು ದಿನ ಕೆಡಲಿ ಎಂದು ಹೆಂಗಸೊಬ್ಬಳು ಕೂಗಿದ್ದನ್ನು ನನ್ನ ಕಿವಿಯಾರೆ ಕೇಳಿದೆ.

ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಹಾಕಿದ್ದೆವು. ಅದು ಐದನೆಯ ತಿಂಗಳಲ್ಲಿ ತೀರ್ಮಾನವಾಯಿತು. ಗಡಿಪಾರು ರದ್ದು. ಉಳಿದದ್ದು ಒಂದೇ ತಿಂಗಳು, ಆದರೂ ರದ್ದು ರದ್ದೇ. ಅವಳು ಶಾಂತಿಭಂಗ ಮಾಡುವ ಸ್ವಭಾವದವಳೆಂಬ ಮಾತು ದಾಖಲೆಯಿಂದ ಅಳಿಯಿತು, ಇನ್ನು ಅದನ್ನು ಹಿಡಿದು ಯಾರೂ ಅವಳನ್ನು ಮನೆಯಿಂದ ಎಬ್ಬಿಸುವಂತಿಲ್ಲ. ವಕೀಲೆ ಫೋನಿನಲ್ಲಿ ಹೇಳಿದಾಗ ನಾನು ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಯಾರೆಂದು ನೋಡದೆ ಪಕ್ಕದವರ ಕೈಕುಲುಕಿದೆ. ನಕಲು ಕೈಗೆ ಬಂದ ದಿನ ಶಿರೂರಿಗೆ ಹೊರಟೆ. ಬಸ್ಸಿನಲ್ಲಿ ತೀರ್ಪನ್ನು ಪೂರ್ತಿ ಓದಿದೆ. ಹನ್ನೆರಡನೆಯ ಪ್ಯಾರಾ ಓದಿದ ಮೇಲೆ ಮುರ್ಡೇಶ್ವರ ದಾಟಿದ್ದು ಗೊತ್ತಾಗಲಿಲ್ಲ.

ಅವಳು ಗೋಣಿಯ ಮೇಲೆ ಕೂತಿದ್ದಳು. ಮೀನು ತಂದ ಕೇರಿಯ ಹೆಂಗಸರು ಮೂವರಿದ್ದರು, ಗಿರಾಕಿಗಳು ಇಬ್ಬರು. ‘ಗೆದ್ದೆ ತಂಗೀ, ಇವತ್ತೇ ಮನೆಗೆ ಹೋಗು’ ಎಂದೆ. ಹೆಂಗಸರು ಕೂಗಿಕೊಂಡು ಅವಳನ್ನು ತಬ್ಬಿದರು. ಅವಳು ಅವರ ಕೈ ಬಿಡಿಸಿಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಕೈಯಲ್ಲಿದ್ದ ಕಾಗದ ತೋರಿಸಿದಳು.

‘ಓದಿ.’

‘ಇಂಗ್ಲಿಷಿನಲ್ಲಿ ಉಂಟು. ಗೆದ್ದೆ ಅಂತ ಸಾರಾಂಶ.’

‘ಕನ್ನಡದಲ್ಲಿ ಓದಿ. ಪೂರ್ತಿ ಓದಿ.’

ಗೋಣಿಯ ತುದಿಯಲ್ಲಿ ಕೂತೆ. ಒಂದು ಎಂದು ನಂಬರು ಹೇಳಿ, ಆ ಪ್ಯಾರಾವನ್ನು ಕನ್ನಡ ಮಾಡಿ ಹೇಳಿದೆ. ಎರಡು. ಮೂರು. ಲಾರಿ ಹೋದಾಗ ನಿಲ್ಲಿಸಿ ಮತ್ತೆ ಹೇಳಿದೆ. ಮೀನು ಒಣಗಿಸುವುದು ಅವಳ ಜೀವನೋಪಾಯ ಎಂದಿರುವಲ್ಲಿ ಹೆಂಗಸರು ತಲೆಯಾಡಿಸಿದರು. ಭಯಪಟ್ಟವರು ಒಬ್ಬರೂ ಮುಂದೆ ಬಂದಿಲ್ಲ ಎಂದಿರುವಲ್ಲಿ ನಕ್ಕರು. ಹತ್ತು. ಹನ್ನೊಂದು. ಹದಿಮೂರು.

‘ಹನ್ನೆರಡು ಎಲ್ಲಿ ಹೋತು?’

ದಿನಕ್ಕೆ ಹತ್ತು ಸಲ ಬಂಗಡೆ ಎಣಿಸುವವಳ ಎದುರು ಕೂತು ಒಂದು ನಂಬರು ಹಾರಿಸಿದ್ದೆ. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಗಿರಾಕಿಗಳೂ ನೋಡುತ್ತಿದ್ದರು. ಅಂಕಣದಲ್ಲಿ ಬರೆದುಕೊಂಡದ್ದು ಬೇರೆ. ಅಲ್ಲಿ ತಪ್ಪೊಪ್ಪಿಗೆಗೂ ಒಂದು ಚಂದದ ವಾಕ್ಯ ನಾನೇ ಕಟ್ಟಿದ್ದೆ, ಚಪ್ಪಾಳೆಯೂ ಬಂದಿತ್ತು. ಇದು ನಾನು ಕಟ್ಟಿದ ವಾಕ್ಯವಲ್ಲ.

ಪುಟ ಹಿಂದೆ ತಿರುವಿದೆ. ಹನ್ನೆರಡು, ಎಂದೆ. ಅರ್ಜಿದಾರಳು ನಂಬಿ ಬಂದ ವಕೀಲರೇ, ತಾವೂ ಓದದೆ, ಅವಳಿಗೂ ಓದಿ ಹೇಳದೆ, ಅವಳ ಸ್ವಾತಂತ್ರ್ಯವನ್ನು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿಸಿದ್ದಾರೆ. ಅವಳು ಮನೆ ಬಿಟ್ಟು ಕಳೆದ ದಿನಗಳಿಗೆ ಆದೇಶ ಮಾಡಿದ ಅಧಿಕಾರಿಯಷ್ಟೇ ಅವರೂ ಹೊಣೆ. ಅವರು ತಪ್ಪೊಪ್ಪಿಕೊಂಡದ್ದನ್ನು ನ್ಯಾಯಾಲಯ ಗಮನಿಸಿದೆ. ಆ ದಿನಗಳು ಅದರಿಂದ ಹಿಂದೆ ಬರುವುದಿಲ್ಲ.

ಅವಳು ಪಕ್ಕದ ಹೆಂಗಸರ ಕಡೆ ಕೈ ತೋರಿಸಿದಳು.

‘ಇನ್ನೊಂದು ಸಲ ಓದಿ. ಇವ್ರಿಗೆ ಲಾರಿ ಸದ್ದಿನಲ್ಲಿ ಕೇಳ್ಲಿಲ್ಲ.’

ಲಾರಿ ಬಂದಿರಲಿಲ್ಲ. ನಾನು ದನಿ ಎತ್ತಿ ಇನ್ನೊಂದು ಸಲ ಓದಿದೆ.